ಗುಂಡಿ ಹಾಕಿ ತೋರಿಸಿ

ಸಿಸ್ಟರ್ ರಟ್ಟಿಗೆ ಸಿಕ್ಕಿಸಿದ ಫಾರಂ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಅವನ ಕೈ ಅವನನ್ನು ಕೇಳದೆ ಎದೆಯ ಮೇಲಿನ ಎರಡನೆಯ ಗುಂಡಿಯ ಕಡೆ ಹೋಯಿತು. ಹೋದದ್ದು ಕಣ್ಣಿಗೆ ಕಂಡಿತು, ಬೆರಳಿಗೆ ತಿಳಿಯಲಿಲ್ಲ. ಹತ್ತೂ ಬೆರಳ ತುದಿಗೆ ಕಾಲರಿನೊಳಗೆ ಇಡುವ ಬಕ್ರಂ ಸುತ್ತಿ ಬಿಗಿಯಾಗಿ ಹೊಲಿದುಬಿಟ್ಟಂತೆ ಇತ್ತು, ಒಂದೂವರೆ ತಿಂಗಳಿನಿಂದ. ಅದಕ್ಕೆ ಮೊದಲೂ ಇತ್ತು, ಆದರೆ ಆಗ ಬಂದು ಹೋಗುವ ನೆಂಟನ ಹಾಗೆ ಇತ್ತು. ಆಸ್ಪತ್ರೆಯಲ್ಲಿ ಔಷಧಿಯ ಬಾಟಲಿ ಏರಿಸಿದ ದಿನದಿಂದ ಐದು ದಿನ ತಣ್ಣಗಿನದು ಯಾವುದನ್ನೂ ಮುಟ್ಟುವ ಹಾಗಿಲ್ಲ. ನಲ್ಲಿಯ ನೀರು ತಗುಲಿದರೆ ಕರೆಂಟು ಹೊಡೆದ ಹಾಗೆ, ಬೆಳಗಿನ ಗಾಳಿ ಗಂಟಲಿಗೆ ಇಳಿದರೆ ಉಸಿರು ಕಟ್ಟಿದ ಹಾಗೆ. ಆರನೆಯ ದಿನ ಎಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಿತ್ತು. ಹೆಂಡತಿ ಅದಕ್ಕೆ ತಣ್ಣೀರು ಔಷಧಿ ಎಂದು ಹೆಸರಿಟ್ಟಿದ್ದಳು. ಬಾಟಲಿಯ ಮೇಲಿನ ಹೆಸರು ಆಕ್ಸಾಲಿಪ್ಲಾಟಿನ್. ಅದರಲ್ಲಿ ಪ್ಲಾಟಿನಂ ಇದೆ ಎಂದು ಯಾರೋ ಹೇಳಿದಾಗ, “ಮದುವೆಯಾಗಿ ಮೂವತ್ತು ವರ್ಷ ಆಯ್ತು, ನನ್ನ ಕೈಗೊಂದು ಬೆಳ್ಳಿ ಉಂಗುರ ಬರಲಿಲ್ಲ, ನಿಮ್ಮ ಹೊಟ್ಟೆಗೆ ಪ್ಲಾಟಿನಂ,” ಎಂದು ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ. ಆಗ ತೊಂದರೆ ಎಂದರೆ ಕತ್ತರಿಯದೊಂದೇ. ತಣ್ಣಗಿನ ಕಬ್ಬಿಣ. ಬೆಳಿಗ್ಗೆ ಅಂಗಡಿ ತೆಗೆದವನೇ ಅದನ್ನು ಇಸ್ತ್ರಿಪೆಟ್ಟಿಗೆಯ ಪಕ್ಕ ಮಲಗಿಸಿ ಬೆಚ್ಚಗೆ ಮಾಡಿ, ಹಿಡಿಗೆ ಬಟ್ಟೆ ಸುತ್ತಿ, ಯಾರೂ ಕೇಳದ ಹಾಗೆ ಕೆಲಸ ನಡೆಸಿದ್ದ. ಏಳನೆಯ ಬಾಟಲಿ ಆದ ಮೇಲೆ ನೆಂಟ ಹೊರಡಲೇ ಇಲ್ಲ.

“ಹತ್ತನೆಯದು ಇವತ್ತು, ಅಲ್ವಾ ಮಾಸ್ಟ್ರೇ? ವಾಂತಿ?”

“ಎರಡು ದಿನ ಇತ್ತು. ಮಾತ್ರೆ ತಗೊಂಡೆ, ನಿಂತಿತು.”

“ಭೇದಿ? ಬಾಯಿಹುಣ್ಣು?”

“ಇಲ್ಲ.”

“ಕೈಕಾಲು ಜೋಮು?”

“ಮೊದಲ ಐದು ದಿನ. ಆಮೇಲೆ ಏನೂ ಇಲ್ಲ.”

“ಗುಂಡಿ ಹಾಕಿ ತೋರಿಸಿ.” ಅವಳು ಪೆನ್ನನ್ನು ಕಿವಿಯ ಹಿಂದಿನಿಂದ ತೆಗೆದಳು. “ಟೈಲರಿಗೆ ಗುಂಡಿ ಹಾಕೋಕೆ ಬರುತ್ತಾ ಅಂತ ಕೇಳೋಳು ನಾನೊಬ್ಬಳೇ ಇರಬೇಕು. ಏನ್ಮಾಡೋದು, ಫಾರಂನಲ್ಲಿ ಬರೆದಿದ್ದಾರೆ.”

ಅವನು ನಕ್ಕಂತೆ ಮಾಡಿ ಎರಡು ಗುಂಡಿ ಬಿಚ್ಚಿದ, ಮತ್ತೆ ಹಾಕಿದ. ಹೆಬ್ಬೆರಳು ತೋರುಬೆರಳುಗಳನ್ನು ಗುಂಡಿಯ ಮೇಲೆ ಆಡಿಸುತ್ತ, ಒತ್ತುವ ಕೆಲಸವನ್ನೆಲ್ಲ ಅಂಗೈಯ ಬುಡದಿಂದ ಮಾಡಿದ. ಶರ್ಟಿಗೆ ಗುಂಡಿ ತೂರಿಸುವ ಕಾಜಾ ಇರಲಿಲ್ಲ. ಕಾಜಾಗಳನ್ನು ಮುಚ್ಚಿ ಹೊಲಿದು, ಅದರ ಮೇಲೆ ಗುಂಡಿಗಳನ್ನು ಬರೀ ತೋರಿಕೆಗೆ ಕೂರಿಸಿ, ಪಟ್ಟಿಯ ಒಳಗಡೆ ಟಿಚ್ ಬಟನ್ ಹಾಕಿಸಿದ್ದ. ಒತ್ತಿದರೆ ಸಾಕು, ಕೂತುಕೊಳ್ಳುತ್ತವೆ. ಟಿಚ್ ಎಂಬ ಸದ್ದನ್ನು ಮುಚ್ಚಲು ಸಣ್ಣಗೆ ಕೆಮ್ಮಬೇಕು, ಅಷ್ಟೆ. ಸಿಸ್ಟರ್ ಗೀಟು ಎಳೆದಳು. “ಫಸ್ಟ್ ಕ್ಲಾಸ್. ನನ್ನ ಯೂನಿಫಾರಂ ಭುಜ ನೋಡಿ, ಇಳಿದು ತೋಳಿಗೆ ಬಂದಿದೆ. ನಿಮ್ಮದು ಹನ್ನೆರಡು ಮುಗೀಲಿ, ನಿಮ್ಮ ಕೈಗೇ ಕೊಡ್ತೀನಿ.” ಆ ಭುಜ ಇಳಿದಿರಲಿಲ್ಲ, ತೋಳಿನ ಸುತ್ತಳತೆಯಲ್ಲೇ ಕಾಲಿಂಚು ತಪ್ಪಿತ್ತು. ಕಣ್ಣು ಇನ್ನೂ ಕೆಲಸ ಮಾಡುತ್ತಿತ್ತು. “ಕೊಡಿ, ಮಾಡೋಣ,” ಎಂದ. ಇಷ್ಟು ಒಳ್ಳೆಯ ಹುಡುಗಿಗೆ ಮೋಸ ಮಾಡುತ್ತಿದ್ದೇನೆ ಎಂದು ಅನಿಸಿತು. ಆಮೇಲೆ, ಇವಳು ಒಂದು ಸಲವಾದರೂ ಹತ್ತಿರ ಬಂದು ಸರಿಯಾಗಿ ನೋಡಬಾರದೇ ಎಂದು ಸಿಟ್ಟೂ ಬಂತು. ಪರೀಕ್ಷೆ ಮಾಡುವವರು ಇಷ್ಟು ಸಲೀಸಾಗಿ ಪಾಸು ಮಾಡಿದರೆ ಕಾಪಿ ಹೊಡೆಯುವವನು ನಿಲ್ಲಿಸುವುದು ಯಾವಾಗ?

ಹೊರಗಿನ ಹಾಲಿನಲ್ಲಿ ಹೆಂಡತಿ ಕುರ್ಚಿಯಲ್ಲಿ ಕೂತೇ ತೂಕಡಿಸುತ್ತಿದ್ದಳು, ಚೀಲದ ಕಿವಿ ಮಣಿಕಟ್ಟಿಗೆ ಸುತ್ತಿಕೊಂಡು. ಟಿಚ್ ಹೊಲಿದವಳು ಅವಳೇ. ಎದೆಯ ಚರ್ಮದ ಕೆಳಗೆ ಸೂಜಿ ಚುಚ್ಚಲು ಇಟ್ಟಿರುವ ಡಬ್ಬಿಗೆ ಬೇಗ ದಾರಿಯಾಗಲಿ ಎಂದು ಹೇಳಿದ್ದ. ಅವಳು ನಂಬಿದ್ದಳು, ಅಥವಾ ನಂಬುವುದೇ ಸುಲಭ ಎಂದುಕೊಂಡಿದ್ದಳು. “ಹಾಗಾದ್ರೆ ಮೇಲೆ ಈ ಸುಳ್ಳು ಗುಂಡಿ ಯಾಕ್ರೀ?” ಎಂದು ಕೇಳಿದಾಗ, “ನೋಡೋಕೆ ಶರ್ಟಿನ ಥರ ಇರಬೇಡ್ವೇನೇ,” ಎಂದಿದ್ದ. ಸೂಜಿಗೆ ದಾರ ಪೋಣಿಸಿ ಕೊಡಿ ಎಂದು ಅವಳು ಕೈ ಚಾಚಿದ್ದಳು, ಕನ್ನಡಕ ಮನೆಯೊಳಗೆಲ್ಲೋ ಬಿಟ್ಟಿದ್ದಳು. ಅವನು ಸಿಗರೇಟು ಇಲ್ಲದಿದ್ದರೂ ಸಿಗರೇಟಿಗೆ ಎಂದು ಎದ್ದು ಹೋಗಿದ್ದ. ಸಿಗರೇಟು ಬಿಟ್ಟು ಎಂಟು ವರ್ಷವಾಗಿತ್ತು.

ಮೊದಲ ದಿನ ಕೊಟ್ಟ ಹಾಳೆಯನ್ನು ಅವನು ಅಳತೆ ಪುಸ್ತಕದೊಳಗೆ ಇಟ್ಟುಕೊಂಡಿದ್ದ. ಉಪಯೋಗಗಳು ಎಂಬಲ್ಲಿ ಮೂರು ಸಾಲು, ಅಡ್ಡ ಪರಿಣಾಮಗಳು ಎಂಬಲ್ಲಿ ಎರಡು ಪುಟ. ಉಪಯೋಗ ಸರಳವಾಗಿತ್ತು. ಕರುಳಿನ ಗಡ್ಡೆಯನ್ನು ಕೊಯ್ದು ತೆಗೆದಾಗಿದೆ, ಕಣ್ಣಿಗೆ ಕಾಣದ ಬೀಜ ಎಲ್ಲಾದರೂ ಉಳಿದಿದ್ದರೆ ಅದು ಮೊಳೆಯದ ಹಾಗೆ ಸುಡುವುದು. ಹನ್ನೆರಡು ಸಲ, ಎರಡು ವಾರಕ್ಕೊಂದು. ಎರಡು ಪುಟದಲ್ಲಿ ಅವನ ಕಣ್ಣು ನೆಟ್ಟದ್ದು ಒಂದೇ ಸಾಲಿನ ಮೇಲೆ: ಬೆರಳುಗಳಲ್ಲಿ ಸ್ಪರ್ಶ ಕಡಿಮೆಯಾದರೆ ವೈದ್ಯರಿಗೆ ತಿಳಿಸಿ, ಔಷಧಿಯ ಪ್ರಮಾಣ ಇಳಿಸಬೇಕಾಗಬಹುದು ಅಥವಾ ನಿಲ್ಲಿಸಬೇಕಾಗಬಹುದು. ನಿಲ್ಲಿಸಬೇಕಾಗಬಹುದು. ಆ ಪದವನ್ನು ಓದಿದಾಗಿನಿಂದ ಅವನಿಗೆ ಉಳಿದದ್ದು ಯಾವುದೂ ಕಾಣಲಿಲ್ಲ. ಹನ್ನೆರಡು ಹೊಲಿಗೆ ಬೇಕಾದ ಕಡೆ ಎಂಟು ಹಾಕಿ ಕಳಿಸಿದರೆ ಆ ಬಟ್ಟೆ ಎಲ್ಲಿ ಬಾಯಿ ಬಿಡುತ್ತದೆ ಎಂದು ಹೇಳಲು ಡಾಕ್ಟರ್ ಬೇಕಿಲ್ಲ. ನಿಲ್ಲಿಸಿದರೆ ರೋಗ ತಿರುಗಿ ಬರುತ್ತದೆ, ನಿಲ್ಲಿಸದಿದ್ದರೆ ಬೆರಳು ಹೋಗುತ್ತದೆ. ಸಾಯುವುದಕ್ಕಿಂತ ಬೆರಳು ಸಾಯಲಿ ಎಂದು ಲೆಕ್ಕ ಹಾಕಿ, ಯಾರನ್ನೂ ಕೇಳದೆ, ಅವನೇ ತೀರ್ಮಾನ ಮಾಡಿಕೊಂಡಿದ್ದ. ನಲವತ್ತು ವರ್ಷ ಬಟ್ಟೆಗೆ ಕತ್ತರಿ ಹಾಕುವ ಮೊದಲು ಇನ್ನೊಮ್ಮೆ ಅಳತೆ ನೋಡುತ್ತಿದ್ದವನು ತನ್ನ ವಿಷಯದಲ್ಲಿ ಒಮ್ಮೆಯೂ ಟೇಪು ಹಿಡಿಯಲಿಲ್ಲ.

“ಬನ್ನಿ ಮಾಸ್ಟ್ರೇ, ಇಲ್ಲಿ ಫ್ಯಾನಿನ ತಣ್ಣನೆ ಗಾಳಿ ಬಡಿಯಲ್ಲ,” ಎಂದು ಬಸ್ಸಿನ ಡ್ರೈವರ್ ಪಕ್ಕದ ಕುರ್ಚಿ ತಟ್ಟಿದ. ಒಂದೇ ರೋಗ, ಒಂದೇ ಔಷಧಿ, ಇಬ್ಬರೂ ಮೊದಲನೆಯ ದಿನದಿಂದ ಜೊತೆ. ಈ ಡ್ರೈವರ್‌ನನ್ನು ಅವನು ಮನಸ್ಸಿನಲ್ಲೇ ಅರ್ಧಕ್ಕೆ ಬಿಟ್ಟವನು ಎಂದು ಕರೆಯುತ್ತಿದ್ದ. ಏಳನೆಯದಾದ ಮೇಲೆ ಇವನ ತಣ್ಣೀರು ಔಷಧಿ ನಿಂತುಹೋಗಿತ್ತು. ಆದರೂ ಪ್ರತಿ ಸಲ ಬರುತ್ತಿದ್ದ, ಪ್ರತಿ ಸಲ ನಗುತ್ತಿದ್ದ. ಸಾಯುವವನ ಮುಂದೆ ಕಾರಣ ಕೇಳಬಾರದು ಎಂದು ಅವನು ಇಷ್ಟು ದಿನ ಸುಮ್ಮನಿದ್ದ. ಇವತ್ತು ಯಾಕೋ ತಡೆಯಲಾಗಲಿಲ್ಲ.

“ನಿಮ್ಮದು ನಿಲ್ಲಿಸಿಬಿಟ್ರಲ್ಲ. ಮತ್ತೆ ಯಾಕೆ ಬರ್ತೀರಿ?”

“ಎಲ್ಲಾನೂ ಎಲ್ಲಿ ನಿಲ್ಲಿಸಿದ್ರು? ನಿಲ್ಲಿಸಿದ್ದು ಅದೊಂದನ್ನ. ಉಳಿದದ್ದೆಲ್ಲ ನಡೀತಾ ಇದೆ. ಆ ಔಷಧಿ ಪಂಪು ಜೇಬಲ್ಲಿಟ್ಕೊಂಡು ಎರಡು ದಿನ ಮನೇಲಿರೋದು, ಅದೆಲ್ಲ ಇದೆ. ಕ್ಲಚ್ ಒತ್ತಿದ್ನೋ ಇಲ್ವೋ ಗೊತ್ತಾಗ್ತಿರಲಿಲ್ಲ ಮಾಸ್ಟ್ರೇ. ಕಾಲು ನೋಡ್ಕೊಂಡು ಬಸ್ಸು ಓಡ್ಸೋಕಾಗುತ್ತಾ? ರಸ್ತೆ ಯಾರು ನೋಡೋದು, ಕಂಡಕ್ಟರಾ?”

“ಮತ್ತೆ ರೋಗ...”

“ನಾನೂ ಅದನ್ನೇ ಕೇಳ್ದೆ. ಡಾಕ್ಟರಮ್ಮ ನಕ್ಕರು. ಅದರ ಕೆಲಸ ಬಹಳ ಮಟ್ಟಿಗೆ ಆಗಿದೆ, ಉಳಿದದ್ದನ್ನ ಇವು ನೋಡ್ಕೊಳ್ತವೆ. ಬೇಕಾದಷ್ಟು ಜನಕ್ಕೆ ಹೀಗೇ ಮಧ್ಯ ನಿಲ್ಲಿಸ್ತೀವಿ ಅಂದ್ರು. ಆಮೇಲೆ ಬೈದ್ರು ಕೂಡ, ಇನ್ನೂ ಬೇಗ ಯಾಕೆ ಹೇಳ್ಲಿಲ್ಲ ಅಂತ.” ಡ್ರೈವರ್ ಚಪ್ಪಲಿಯಿಂದ ಕಾಲು ಹೊರಗೆ ತೆಗೆದು ಹೆಬ್ಬೆರಳು ಆಡಿಸಿದ. “ಇನ್ನೂ ಜೋಮಿದೆ. ಆದ್ರೆ ನೆಲ ಗೊತ್ತಾಗ್ತಿದೆ.”

ಅವನು ಆ ಹೆಬ್ಬೆರಳನ್ನು ನೋಡುತ್ತ ಕೂತ. ಮೊದಲು ಬಂದದ್ದು ಡ್ರೈವರ್ ಮೇಲಿನ ಕೋಪ, ಇಷ್ಟು ದಿನ ಪಕ್ಕದಲ್ಲೇ ಕೂತು ಹವಾಮಾನ, ಗೇರು, ಮಗಳ ಪರೀಕ್ಷೆ ಎಂದು ಸುರಿದವನು ಇದೊಂದನ್ನು ಹೇಳಲಿಲ್ಲ. ಆಮೇಲೆ ಹಾಳೆ ಬರೆದವನ ಮೇಲೆ. ನಿಲ್ಲಿಸಬೇಕಾಗಬಹುದು ಎಂದು ಬರೆದವನಿಗೆ, ನಿಲ್ಲಿಸಿದರೂ ಹೆದರಬೇಡಿ ಎಂದು ಇನ್ನೊಂದು ಸಾಲು ಬರೆಯಲು ಕೈ ನೋವಾಗುತ್ತಿತ್ತೇ? ಆಮೇಲೆ ಡಾಕ್ಟರಮ್ಮನ ಮೇಲೆ, ಸಿಸ್ಟರ್ ಮೇಲೆ, ಟಿಚ್ ಬಟನ್ ಕಂಡುಹಿಡಿದವನ ಮೇಲೆ. ಎಲ್ಲರ ಅಂಗಡಿಗೂ ಹೋಗಿ ಬಂದ ಮೇಲೆ ಕೋಪಕ್ಕೆ ಹೋಗಲು ಬೇರೆ ಜಾಗ ಉಳಿಯಲಿಲ್ಲ. ಎಂಟನೆಯದು, ಒಂಬತ್ತನೆಯದು. ಎರಡು ಬಾಟಲಿ, ಸುಮ್ಮನೆ, ಯಾರೂ ಕೇಳದೆ, ತಾನೇ ಕೈ ಚಾಚಿ ತೆಗೆದುಕೊಂಡದ್ದು. ಈಗ ಒಳಗೆ ಹೋಗಿ ಒಂದು ಮಾತು ಹೇಳಿದರೆ ಮುಗಿಯಿತು. ಅದು ಮುಗಿಯುವ ಮಾತಲ್ಲ ಎಂದೂ ಅವನಿಗೆ ಗೊತ್ತಿತ್ತು. ಬೆರಳು ಸತ್ತಿದೆ ಎಂದರೆ, ಯಾವಾಗ ಸತ್ತದ್ದು ಎಂದು ಕೇಳುತ್ತಾರೆ.

ಅದು ಗೊತ್ತಾದದ್ದು ಏಳನೆಯದಾದ ಮೇಲೆ, ವಕೀಲರ ಕೋಟು ಕತ್ತರಿಸಿದ ದಿನ. ಬೂದು ಬಟ್ಟೆ, ಕೂದಲೆಳೆಯಷ್ಟು ಸಣ್ಣ ಗೆರೆ, ಆ ಗೆರೆಯ ಬಟ್ಟೆ ಈಗ ಬರುವುದಿಲ್ಲ. ಎರಡು ಮಡಿಕೆಯಾಗಿ ಹಾಸಿದ್ದಳು ಓವರ್‌ಲಾಕಮ್ಮ. ಅಂಗಡಿಯಲ್ಲಿ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಿಷನ್ ಮುಂದೆ ಕೂರುವವಳು, ಹನ್ನೊಂದು ವರ್ಷದಿಂದ. ಅವಳ ಹೆಸರು ಹಿಡಿದು ಕರೆದವರನ್ನು ಅವನು ಕಂಡಿಲ್ಲ. ಬಟ್ಟೆ ಹಾಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ, ನೂಲಿನ ಓಟ ನೇರ, ಒಂದು ಸುಕ್ಕಿಲ್ಲ. ಸೀಮೆಸುಣ್ಣದ ಗೆರೆ ಎಳೆಯಲು ಅವನು ಮೇಜನ್ನು ಸುತ್ತಿದಾಗ ಅವನ ಮೊಣಕೈಯೇ ತಗುಲಿ ಒಂದು ತುದಿ ಕೆಳಗೆ ಮಡಿಚಿಕೊಂಡಿತು. ಕತ್ತರಿ ಇಡುವ ಮೊದಲು ಎಡಗೈಯನ್ನು ಬಟ್ಟೆಯ ಅಡಿಗೆ ತೂರಿಸಿ ಒಮ್ಮೆ ಎಳೆಯುವುದು ಅವನ ಪದ್ಧತಿ, ಎಷ್ಟು ಪದರ ಇದೆ ಎಂದು ನಡುಬೆರಳು ಎಣಿಸಿ ಹೇಳುತ್ತದೆ. ಎಳೆದ. ಬೆರಳು ಏನೂ ಹೇಳಲಿಲ್ಲ. ಅವನು ಅದನ್ನು ಎಲ್ಲ ಸರಿಯಾಗಿದೆ ಎಂದು ಅರ್ಥ ಮಾಡಿಕೊಂಡ. ಕತ್ತರಿಸಿ ಎತ್ತಿದಾಗ ಬೆನ್ನಿನ ಭಾಗದಲ್ಲಿ ಕತ್ತರಿ ಅರ್ಧಚಂದ್ರದ ಹಾಗೆ ಕಚ್ಚಿ ತೆಗೆದಿತ್ತು. ವಕೀಲರು ಅದೇ ಹೊತ್ತಿಗೆ ಬಂದು ನಿಂತಿದ್ದರು. “ಬಟ್ಟೆ ಹಾಸಿದ್ದು ಯಾರು?” ಎಂದು ಅವನ ಬಾಯಿ ಕೇಳಿತು. ಆ ಪ್ರಶ್ನೆ ಅಷ್ಟು ಸಿದ್ಧವಾಗಿ ಒಳಗೆ ಕೂತಿತ್ತು ಎಂದು ಅವನಿಗೇ ಗೊತ್ತಿರಲಿಲ್ಲ. “ನಾನೇ ಮಾಸ್ಟ್ರೇ,” ಎಂದಳು ಅವಳು. “ಕಣ್ಣು ಕಾಣಲ್ವಾ? ಹನ್ನೊಂದು ವರ್ಷದಿಂದ ಕಲಿತಿದ್ದು ಇದನ್ನೇನಾ?” ಅವಳು ಕೋಟಿನ ಬಟ್ಟೆಯನ್ನು ನೋಡಲಿಲ್ಲ, ಅವನ ಕೈ ನೋಡಿದಳು. ಎಡಗೈ ನಡುಬೆರಳಿನಲ್ಲಿ ಒಂದು ಗುಂಡುಪಿನ್ನು ಅರ್ಧಕ್ಕೆ ಚುಚ್ಚಿಕೊಂಡು ನಿಂತಿತ್ತು. ಅದರ ಬುಡದಲ್ಲಿ ಒಂದು ಹನಿ ರಕ್ತ. ಅವನಿಗೆ ಅದು ಗೊತ್ತಾದದ್ದು ಅವಳ ಕಣ್ಣಿನಿಂದ. ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಅವಳು ತಿರುಗಿ ಒಂದು ಮಾತು ಆಡಲಿಲ್ಲ. ಆಡಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಮಾರನೆಯ ದಿನ ಹೆಂಡತಿಯೇ ಅವಳ ಮನೆಗೆ ಹೋಗಿ, ಸ್ವಲ್ಪ ದಿನ ಬರಬೇಡ ಎಂದು ಹೇಳಿ ಬಂದಳು. ಬಂದವಳು ಅವತ್ತು ರಾತ್ರಿ ಊಟ ಮಾಡಲಿಲ್ಲ.

ಡಾಕ್ಟರಮ್ಮನ ಕೋಣೆಯಲ್ಲಿ ಎರಡು ಕುರ್ಚಿ. ಹೆಂಡತಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಮಗಳಷ್ಟು ವಯಸ್ಸಿನ ಡಾಕ್ಟರಿಗೆ ನಮಸ್ಕಾರ ಮಾಡಬೇಕೋ ಬೇಡವೋ ಎಂಬ ಗೊಂದಲದಲ್ಲಿ ಎಂದಿನ ಹಾಗೆ ಅರ್ಧ ಮಾಡಿದಳು. ಡಾಕ್ಟರಮ್ಮ ಫಾರಂ ನೋಡಿದರು. “ರಕ್ತ ಚೆನ್ನಾಗಿದೆ. ಜೋಮು ಇಲ್ಲ, ಗುಂಡಿ ಹಾಕ್ತಾರೆ. ಹತ್ತನೆಯದಕ್ಕೆ ಇಷ್ಟು ಚೆನ್ನಾಗಿರೋರು ಕಡಿಮೆ ಕಣಮ್ಮ. ನಿಮ್ಮ ಯಜಮಾನ್ರು ಗಟ್ಟಿ ಪಿಂಡ.” ಹೆಂಡತಿಯ ಮುಖ ಅರಳಿತು. ಒಂಬತ್ತು ಸಲದಲ್ಲಿ ಅವಳು ಕೇಳಿದ ಮೊದಲ ಹೊಗಳಿಕೆ ಅದು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು. “ಪೂರ್ತಿ ಡೋಸೇ ಬರೀತೀನಿ.”

“ಬರೀಬೇಡಿ,” ಎಂದ.

ಇಬ್ಬರೂ ಅವನ ಕಡೆ ನೋಡಿದರು. ಮಾತಿನಲ್ಲಿ ಹೇಳಲು ಹೋದರೆ ಎಲ್ಲಿ ಸುಂದರವಾದ ಇನ್ನೊಂದು ಸುಳ್ಳು ತಯಾರಾಗುತ್ತದೋ ಎಂದು ಹೆದರಿ, ಅವನು ಶರ್ಟಿನ ಎರಡೂ ಪಟ್ಟಿ ಹಿಡಿದು ಎಳೆದ. ಒಂದರ ಹಿಂದೊಂದು ಟಿಚ್ಚುಗಳು ಬಿಟ್ಟುಕೊಂಡವು, ಗುಂಡಿಗಳು ಮಾತ್ರ ತಮ್ಮ ಜಾಗದಲ್ಲೇ ಕೂತಿದ್ದವು. ಡಾಕ್ಟರಮ್ಮನಿಗೆ ಒಂದು ಕ್ಷಣ ಬೇಕಾಯಿತು. ಪಟ್ಟಿಯನ್ನು ತಿರುಗಿಸಿ ನೋಡಿ, “ಯಾರು ಹೊಲಿದಿದ್ದು, ನೀಟಾಗಿದೆ,” ಎಂದರು. ನಗಲಿಲ್ಲ. “ಕಣ್ಣು ಮುಚ್ಚಿ.” ಮುಚ್ಚಿದ. “ಮುಟ್ಟಿದಾಗ ಹೂಂ ಅನ್ನಿ.” ಅವನು ಕಾದ. ಫ್ಯಾನು ತಿರುಗುವ ಸದ್ದು, ಹೊರಗೆ ಯಾರದೋ ಟೋಕನ್ ಕೂಗುವ ಸದ್ದು, ಹೆಂಡತಿಯ ಬಳೆ ಚೀಲಕ್ಕೆ ತಗುಲಿದ ಸದ್ದು. ಯಾವಾಗ ಶುರು ಮಾಡುತ್ತಾರೋ ಎಂದು ಕಾಯುತ್ತಿದ್ದಾಗ, “ತೆಗೀರಿ, ಮುಗೀತು. ಹತ್ತು ಬೆರಳೂ ಮುಟ್ಟಿದೆ,” ಎಂದರು.

“ಯಾವಾಗಿನಿಂದ?”

“ಸ್ವಲ್ಪ ದಿನ ಆಯ್ತು.”

“ಸ್ವಲ್ಪ ಅಂದ್ರೆ ನಾನೇನು ಬರ್ಕೊಳ್ಳಲಿ? ಒಂದು ವಾರದ್ದಾದ್ರೆ ಡೋಸ್ ಇಳಿಸಿ ಕೊಟ್ಟು ನೋಡಬಹುದು. ಅದಕ್ಕಿಂತ ಹಳೇದಾದ್ರೆ ಇವತ್ತೇ ನಿಲ್ಲಿಸ್ಬೇಕು. ಸುಳ್ಳು ಹೇಳಿದ್ರೆ ನನಗೇನೂ ಆಗಲ್ಲ. ಕೈ ನಿಮ್ಮದು.”

ಒಂದು ವಾರ. ಬಾಯಿಯ ತುದಿಗೆ ಬಂದು ಕೂತಿತ್ತು ಆ ಉತ್ತರ. ಹೇಳಿದರೆ ಔಷಧಿಯೂ ಅಷ್ಟಿಷ್ಟು ಸಿಗುತ್ತದೆ, ವಕೀಲರ ಕೋಟೂ ಓವರ್‌ಲಾಕಮ್ಮನ ತಲೆಯ ಮೇಲೆಯೇ ಇರುತ್ತದೆ, ಹೆಂಡತಿಯ ಮುಖ ಹೀಗೇ ಇರುತ್ತದೆ. ಹೋಗುವುದು ಬೆರಳಲ್ಲಿ ಉಳಿದ ಅಷ್ಟಿಷ್ಟು ಜೀವ, ಅದು ಇದೆಯೋ ಇಲ್ಲವೋ ಯಾರಿಗೆ ಗೊತ್ತು. ಅವನು ಹೆಂಡತಿಯ ಕಡೆ ನೋಡದೆ, ಮೇಜಿನ ಮೇಲಿದ್ದ ಗೋಂದಿನ ಸೀಸೆಯ ಕಡೆ ನೋಡುತ್ತ ಹೇಳಿದ. “ಏಳನೆಯದಾದ ಮೇಲೆ. ಮೂರನೇ ದಿನ ಬೆಳಿಗ್ಗೆಯಿಂದ ಪೂರ್ತಿ ಇಲ್ಲ. ಒಂದು ಕೋಟು ಕತ್ತರಿಸ್ತಿದ್ದೆ.”

ಡಾಕ್ಟರಮ್ಮ ಬರೆದುಕೊಂಡರು. ಆ ಔಷಧಿಯನ್ನು ಹೊಡೆದು ಹಾಕಿದರು, ಉಳಿದವನ್ನು ಹಾಗೇ ಬಿಟ್ಟರು. ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಇನ್ನೂ ಹೆಚ್ಚಾದರೂ ಆಗಬಹುದು, ಹೆದರಬೇಡಿ, ಆಮೇಲೆ ನಿಧಾನವಾಗಿ ಬರುತ್ತದೆ, ವರ್ಷ ಹಿಡಿಯಬಹುದು, ಪೂರ್ತಿ ಬರುತ್ತದೆ ಎಂದು ಮಾತು ಕೊಡುವುದಿಲ್ಲ, ಎಂಟನೆಯದಕ್ಕೇ ಹೇಳಿದ್ದರೆ ಕೊಡುತ್ತಿದ್ದೆನೋ ಏನೋ ಎಂದರು. ಅವನು ಹೂಂಗುಟ್ಟುತ್ತಿದ್ದ. ಪಕ್ಕದ ಕುರ್ಚಿಯಿಂದ ಹೆಂಡತಿ ಚೀಲ ಎತ್ತಿಕೊಂಡು ಎದ್ದಳು.

ಕಾರಿಡಾರಿನಲ್ಲಿ ಅವಳು ನಾಲ್ಕು ಹೆಜ್ಜೆ ಮುಂದೆ ಹೋಗಿ ಕಿಟಕಿಯ ಹತ್ತಿರ ನಿಂತಳು. ಅವನು ಶರ್ಟಿನ ಟಿಚ್ಚುಗಳನ್ನು ಒಂದೊಂದೇ ಒತ್ತಿಕೊಳ್ಳುತ್ತ ಬಂದ.

“ನಾನು ಅವಳ ಮನೆ ಬಾಗಿಲಲ್ಲಿ ನಿಂತು ಹೇಳಿದ್ದೇನು ಗೊತ್ತಾ ನಿಮಗೆ?” ಅವಳ ದನಿ ಏರಲಿಲ್ಲ. “ಮೈ ಸರಿಯಿಲ್ಲದ ಮನುಷ್ಯನ ಹೊಟ್ಟೆ ಉರಿಸಿದ್ಯಲ್ಲ ಅಂದೆ. ಅವಳು, ತಪ್ಪಾಯ್ತು ಅಕ್ಕ, ಅಂದಳು. ತಪ್ಪಾಯ್ತು ಅಂದಳ್ರೀ.”

“ಮನೆಗೆ ಹೋದ ಮೇಲೆ...”

“ಮನೆಗೆ ಹೋದ್ರೆ ಮಲಗ್ತೀರಿ. ನಿಮ್ಮನ್ನ ನನಗೆ ಗೊತ್ತಿಲ್ವಾ.” ಅವಳು ಫೋನ್ ಒತ್ತಿ, ಆ ಕಡೆ ಎತ್ತಿದ ಕೂಡಲೇ, “ನಿಮ್ಮ ಮಾಸ್ಟ್ರು ಮಾತಾಡ್ಬೇಕಂತೆ,” ಎಂದು ಅವನ ಕೈಗೆ ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆ ಕಡೆ ಮಿಷನ್ ಓಡುತ್ತಿತ್ತು, ನಿಂತಿತು.

“ಹೇಳಿ ಮಾಸ್ಟ್ರೇ. ಹೇಗಿದ್ದೀರಿ?”

“ಇದ್ದೀನಿ. ಆ ಕೋಟು... ನಿನ್ನದು ತಪ್ಪಿರಲಿಲ್ಲ. ಬಟ್ಟೆ ಮಡಿಚಿದ್ದು ನಾನೇ. ನನ್ನ ಬೆರಳಿಗೆ ಗೊತ್ತಾಗಲಿಲ್ಲ.”

“ಅದು ನನಗೆ ಗೊತ್ತು. ಪಿನ್ನು ನೋಡಿದ್ನಲ್ಲ.”

“ಮತ್ತೆ ಯಾಕೆ ಸುಮ್ಮನಿದ್ದೆ?”

“ವಕೀಲರ ಮುಂದೆ ಹೇಳಬೇಕಿತ್ತಾ?” ಆಮೇಲೆ ಅವಳ ದನಿ ಬೇರೆಯಾಯಿತು, ಕೆಲಸದ ದನಿ. “ನಾನೀಗ ಮೂಲೆ ಅಂಗಡೀಲಿದ್ದೀನಿ ಮಾಸ್ಟ್ರೇ. ಇಲ್ಲಿ ನನ್ನ ಕೈಲಿ ಬಟ್ಟೆ ಹಾಸಿಸಲ್ಲ. ಕೋಟಿನ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ದಾರದ ತುಂಡು ಗುಡಿಸ್ತೀನಿ, ಅಂಚು ಹೊಲೀತೀನಿ. ನನಗೆ ಹೇಳಿ ಏನು ಬಂತು? ಇರಿ, ಸ್ಪೀಕರ್ ಹಾಕ್ತೀನಿ. ಇವರಿಗೆ ಹೇಳಿ.”

ಬೀದಿಯ ಇನ್ನೊಬ್ಬ ಟೈಲರ್, ಮೂಲೆ ಅಂಗಡಿಯ ಮಾಸ್ಟರ್. ಇಪ್ಪತ್ತು ವರ್ಷದಿಂದ ಎದುರು ಸಿಕ್ಕರೆ ಇಬ್ಬರೂ ಚಪ್ಪಲಿ ನೋಡಿಕೊಂಡು ಹೋಗುತ್ತಾರೆ. ಅವನು ಕತ್ತರಿಸಿದ್ದು ಕೋಟಲ್ಲ, ದಿಂಬಿನ ಕವರು, ಎಂದು ಇವನು ಗಿರಾಕಿಗಳ ಮುಂದೆ ಆಡಿದ್ದುಂಟು. ಅವನಿಗೆ ಇದು ತಿಳಿದರೆ ಸಂಜೆಯೊಳಗೆ ಬೀದಿಗೆಲ್ಲ ತಿಳಿಯುತ್ತದೆ. ಬೆರಳು ಬರಲು ವರ್ಷವಾದರೆ, ಗಿರಾಕಿ ಹೋಗಲು ವಾರ ಸಾಕು. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು, ಕಿವಿ ಮಾತ್ರ ಇತ್ತ. ಟಕ್ ಎಂದು ಸದ್ದಾಗಿ ಆ ಕಡೆಯ ಅಂಗಡಿ ಇಡಿಯಾಗಿ ಕೇಳಿಸತೊಡಗಿತು, ಇಸ್ತ್ರಿ ಬುಸುಗುಟ್ಟಿದ್ದು, ರೇಡಿಯೊ, ಯಾರೋ ಕೆಮ್ಮಿದ್ದು.

“ಯಾರು?” ಎಂದಿತು ಗಂಡು ದನಿ.

ತಾನು ಯಾರೆಂದು ಹೇಳಿದ. ರೇಡಿಯೊ ನಿಂತಿತು.

“ವಕೀಲರ ಕೋಟು ಹಾಳಾಗಿದ್ದು ನನ್ನ ಕೈಯಿಂದ,” ಎಂದ. “ಅವಳು ಹಾಸಿದ್ದು ನೆಟ್ಟಗಿತ್ತು. ಔಷಧಿಯಿಂದ ನನ್ನ ಬೆರಳು ಸತ್ತಿದೆ. ಅಡಿಯಲ್ಲಿ ಮೂರನೇ ಪದರ ಇದ್ದದ್ದು ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಅವಳ ಮೇಲೆ ಹಾಕಿದೆ.”

ಅವನು ಒಂದು ನಗೆಗೆ, ಒಂದು ಕೊಂಕಿಗೆ ಕಾದ. ಅವನ ಜಾಗದಲ್ಲಿ ತಾನಿದ್ದರೆ ಏನು ಹೇಳುತ್ತಿದ್ದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಯಾವ ಬೆರಳು?” ಎಂದು ಕೇಳಿದ ಮೂಲೆ ಅಂಗಡಿಯವನು.

“ಹತ್ತೂ.”

“ಎಡಗೈ ನಡುಬೆರಳೂ?”

“ಅದು ಎಲ್ಲಕ್ಕಿಂತ ಮೊದಲು ಹೋಯ್ತು.”

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಫೋನಿನಿಂದ ಆಚೆ ತಿರುಗಿ ಹೇಳಿದ್ದು, “ಅಮ್ಮ, ಆ ಸೂಟಿನ ಬಟ್ಟೆ ತಗೊಳ್ಳಿ. ಹಾಸಿ.” ಕುರ್ಚಿ ಹಿಂದಕ್ಕೆ ಸರಿಯಿತು. ಉದ್ದನೆಯ ಬಟ್ಟೆಯನ್ನು ಒಮ್ಮೆ ಗಾಳಿಯಲ್ಲಿ ಕೊಡವಿದ ಸದ್ದು, ಅದು ಮೇಜಿನ ಮೇಲೆ ಇಳಿದ ಸದ್ದು, ಅಂಗೈಯಿಂದ ಸುಕ್ಕು ಸವರಿದ ಸದ್ದು, ಮಧ್ಯದಿಂದ ಅಂಚಿಗೆ, ಮತ್ತೆ ಮಧ್ಯದಿಂದ ಅಂಚಿಗೆ. ಓವರ್‌ಲಾಕಮ್ಮ ಫೋನಿನ ಹತ್ತಿರ ಬರಲಿಲ್ಲ. ಅವಳಿಗೆ ಕೆಲಸವಿತ್ತು. ಯಾರೋ ಕೈ ಚಾಚಿ ಫೋನನ್ನು ನಿಲ್ಲಿಸಿದರು.

“ಏನಂದ್ರು?” ಎಂದಳು ಹೆಂಡತಿ.

ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸಿಸ್ಟರ್ ಬಾಗಿಲಿನಿಂದ ಅವನ ನಂಬರ್ ಕೂಗಿದಳು. ಅವನು ಹೊರಟು, ಎರಡು ಹೆಜ್ಜೆ ಇಟ್ಟು ನಿಂತು, ಫೋನು ಇನ್ನೂ ತನ್ನ ಕೈಯಲ್ಲೇ ಇದೆಯೋ ಇಲ್ಲವೋ ಎಂದು ತಲೆ ಬಗ್ಗಿಸಿ ನೋಡಿಕೊಂಡ.